ಒಂದು ಡಿಗ್ರಿ ಕಳೆದು

ಫೆಬ್ರವರಿ ೧೧. ನೀರು ೨೧.೪

ಅಕ್ಕಾ, ನೀನು ಹೋಗಿ ವರ್ಷ ತುಂಬಿತು. ನಿನಗೆ ಬರೆಯುವ ಚಾಳಿ ಮಾತ್ರ ನನ್ನನ್ನು ಬಿಟ್ಟಿಲ್ಲ. ಅಂಚೆಪೆಟ್ಟಿಗೆಯವರೆಗೆ ನಡೆಯುವುದು ಉಳಿಯಿತು, ಅಷ್ಟೇ ಲಾಭ. ಇನ್ನು ಮೇಲೆ ಈ ಪುಸ್ತಕದಲ್ಲೇ ಬರೆಯುತ್ತೇನೆ. ಓದುವವರಿಲ್ಲ ಅನ್ನುವ ಧೈರ್ಯದಲ್ಲಿ ಒತ್ತಕ್ಷರ ಅಲ್ಲಲ್ಲಿ ಜಾರಿದರೆ ಬೈಯಬೇಡ. ಕಿಟಕಿಯ ಗಾಜಿಗೆ ಉಸಿರು ಬಿಟ್ಟು, ನನ್ನ ಬೆರಳು ಹಿಡಿದು ನೀನು ತೀಡಿಸಿದ ಅಕ್ಷರ ಇಷ್ಟು ವರ್ಷ ಬಾಳಿಕೆ ಬಂದದ್ದೇ ಹೆಚ್ಚು.

ಬೆಳಿಗ್ಗೆ ಹೊರಡುವಾಗ ಮಗಳು ಬಾಗಿಲಿಗೆ ಅಡ್ಡ ನಿಂತಳು. ಅಣುಸ್ಥಾವರದ ಪಂಪ್‌ಹೌಸಿನಲ್ಲಿ ಪಾಳಿ ಮುಗಿಸಿ ಆಗತಾನೇ ಬಂದಿದ್ದಳು. ಅಲ್ಲಿನ ಎಣ್ಣೆಯ ವಾಸನೆ ಅವಳಿಗಿಂತ ಮೊದಲೇ ಮನೆಯೊಳಗೆ ಬರುತ್ತದೆ.

"ಅಮ್ಮಾ, ಮಂಡಿ ನೋಡು ಹೇಗೆ ಊದಿದೆ. ಇವತ್ತೊಂದು ದಿನ ಹೋಗದೇ ಇದ್ರೆ ನದಿ ಏನೂ ಬೇಜಾರು ಮಾಡ್ಕೊಳ್ಳಲ್ಲ."

"ಇವತ್ತೊಂದು ದಿನ ಅನ್ನೋದು ಯಾವತ್ತೂ ಒಂದೇ ದಿನಕ್ಕೆ ನಿಂತಿಲ್ಲ ಕಣೆ."

"ನೀನು ರಿಟೈರ್ ಆಗಿ ನಾಲ್ಕು ವರ್ಷ ಆಯ್ತು. ಅಲ್ಲಿ ಮಷೀನ್ ಇದೆ. ಅದಕ್ಕೆ ಮಂಡಿ ಇಲ್ಲ."

"ಅದಕ್ಕೇ ಅದಕ್ಕೆ ಬುದ್ಧಿನೂ ಇಲ್ಲ," ಅಂದು ಬಕೆಟ್ ಎತ್ತಿಕೊಂಡು ಹೊರಟೆ.

ನದಿಗೆ ಅರವತ್ತೇಳು ಮೆಟ್ಟಿಲು. ಮೂವತ್ತೊಂದು ವರ್ಷ ಸಂಬಳಕ್ಕೆ ಇಳಿದವಳು ಈಗ ಸುಮ್ಮನೆ ಇಳಿಯುತ್ತೇನೆ. ಕ್ರಮ ಮಾತ್ರ ಅದೇ. ಮೊದಲ ಬಕೆಟ್ ನೀರು ಚೆಲ್ಲಬೇಕು, ಅದರೊಂದಿಗೆ ಬಕೆಟ್ಟಿನ ಬಿಸಿಯೂ ಹೋಗಬೇಕು. ಎರಡನೆಯದನ್ನು ಗೋಡೆಯ ನೆರಳಲ್ಲಿಟ್ಟು, ಥರ್ಮಾಮೀಟರನ್ನು ತಳ ಮುಟ್ಟದ ಹಾಗೆ ಇಳಿಬಿಟ್ಟು, ಅರವತ್ತು ಎಣಿಸಬೇಕು. ಬಂದ ಅಂಕಿಯಲ್ಲಿ ಒಂದು ಕಳೆದು ಬರೆಯಬೇಕು. ಆ ಥರ್ಮಾಮೀಟರ್ ಒಂದು ಡಿಗ್ರಿ ಹೆಚ್ಚು ಓದುತ್ತದೆ ಎಂದು ಮೇಷ್ಟ್ರು ಮೊದಲ ದಿನವೇ ಹೇಳಿಕೊಟ್ಟಿದ್ದರು. ಅವರು ನದಿ ಮಾಪನ ಕಚೇರಿಯ ಹಳೆಯ ಗುಮಾಸ್ತರು. ಗುಡಿಸಲು ಬಂದವಳ ಕೈಗೆ ಪೊರಕೆಯ ಬದಲು ಪೆನ್ನು ಕೊಟ್ಟವರನ್ನು ಮೇಷ್ಟ್ರು ಅನ್ನದೆ ಇನ್ನೇನು ಅನ್ನಲಿ?

ಮೆಟ್ಟಿಲ ಕೊನೆಯಲ್ಲಿ ಕಂಬಕ್ಕೆ ಹಸಿರು ಪೆಟ್ಟಿಗೆ ಕೂರಿಸಿದ್ದಾರೆ. ನೀರಿನ ಬಿಸಿಯನ್ನು ಅದೇ ಅಳೆದು ಸ್ಥಾವರಕ್ಕೂ ಕಚೇರಿಗೂ ಕಳಿಸುತ್ತದೆ. ಅದನ್ನು ತಂದ ದಿನ ನನ್ನದಕ್ಕಿಂತ ಒಂದು ಡಿಗ್ರಿ ಜಾಸ್ತಿ ತೋರಿಸುತ್ತಿತ್ತು. ಎಂಜಿನಿಯರ್ ನಕ್ಕು, "ಅಜ್ಜಿಗೆ ಮೂವತ್ತೊಂದು ವರ್ಷದ ಅನುಭವ, ಇದು ನಿನ್ನೆ ಹುಟ್ಟಿದ್ದು" ಅಂದು ಅದನ್ನೇ ಒಂದು ಇಳಿಸಿದ. ಪೆಟ್ಟಿಗೆಯನ್ನು ನನಗೆ ಹೊಂದಿಸಿದರು, ಅಕ್ಕಾ! ಆ ವಾರ ನಿನಗೆ ನಾಲ್ಕು ಪುಟ ಬರೆದಿದ್ದೆ. ಶಾಲೆಯ ಮುಖ ನೋಡದ ನನಗೆ ಊರೆಲ್ಲ ಡಿಗ್ರಿ ಅಜ್ಜಿ ಅನ್ನುತ್ತದೆ.

ಫೆಬ್ರವರಿ ೨೦. ನೀರು ೨೧.೯

ಮನೆಗೆ ಒಬ್ಬ ಅಧಿಕಾರಿ ಬಂದಿದ್ದ. ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು, ಅದನ್ನೇ ಜೇಬಿನಲ್ಲೆಲ್ಲ ಹುಡುಕುತ್ತಿದ್ದ. ಸುರಕ್ಷತಾ ಮಂಡಳಿಯವನಂತೆ. ನನ್ನ ಮೂವತ್ತೊಂದು ನೋಟ್‌ಬುಕ್ಕುಗಳನ್ನು ಕಚೇರಿಯ ಉಗ್ರಾಣದಿಂದ ತೆಗೆಸಿ ಪೂರ್ತಿ ಓದಿದ್ದಾನೆ!

ಅವನು ಬಿಡಿಸಿ ಹೇಳಿದ್ದು ಇಷ್ಟು. ಸ್ಥಾವರ ತಣ್ಣಗಿರಲು ನದಿಯ ನೀರು ಬೇಕು. ಒಳಬರುವ ನೀರು ಇಪ್ಪತ್ತೇಳು ಡಿಗ್ರಿ ದಾಟಿದರೆ ಹನ್ನೆರಡು ಗಂಟೆಯೊಳಗೆ ರಿಯಾಕ್ಟರ್ ನಿಲ್ಲಿಸಬೇಕು. ಅದು ನಿಯಮ. ಹೋದ ಬೇಸಿಗೆ ಇಪ್ಪತ್ತೇಳೂವರೆ ದಾಟಿ ಸ್ಥಾವರ ಹತ್ತೊಂಬತ್ತು ದಿನ ನಿಂತಿತ್ತಲ್ಲ, ಇದಕ್ಕೇ. ಈಗ ಕಂಪನಿಯವರು ಮೂರು ಬೇಸಿಗೆಯ ಮಟ್ಟಿಗೆ ಇಪ್ಪತ್ತೊಂಬತ್ತರವರೆಗೆ ವಿನಾಯಿತಿ ಕೇಳಿದ್ದಾರೆ. ಕೊಟ್ಟರೆ ನದಿಗೆ, ಮೀನಿಗೆ, ಜನಕ್ಕೆ ಏನಾದೀತು ಎಂದು ಮೊದಲು ಪರಿಸರ ಪರಿಶೀಲನೆ ಆಗಬೇಕು. ಅದನ್ನು ಬರೆಯುವವನು ಇವನು.

"ನಿಮ್ಮ ಪುಸ್ತಕದಲ್ಲಿ ಅತಿ ಹೆಚ್ಚು ಅಂದ್ರೆ ಇಪ್ಪತ್ತೇಳು ಪಾಯಿಂಟ್ ಎರಡು ಅಜ್ಜಿ. ಆಮೇಲೆ ಪೆಟ್ಟಿಗೆ ಬರೆದಿದ್ದು ಇಪ್ಪತ್ತೇಳು ಪಾಯಿಂಟ್ ಆರು. ಇಪ್ಪತ್ತೊಂಬತ್ತಕ್ಕೆ ಇನ್ನೂ ಬೇಕಾದಷ್ಟು ಜಾಗ ಇದೆ. ನಿಮ್ಮ ಪುಸ್ತಕ ಇಲ್ದೇ ಇದ್ರೆ ಈ ವರದಿಗೆ ಕಾಲೇ ಇರ್ತಿರಲಿಲ್ಲ."

"ನನ್ನ ಕಾಲೇ ಊದಿದೆಯಪ್ಪ, ನಿನ್ನ ವರದಿಗೆ ಎಲ್ಲಿಂದ ಕೊಡ್ಲಿ?" ಅಂದೆ. ಚಹಾ ಅವನ ಮೂಗಿಗೆ ಹತ್ತುವಷ್ಟು ನಕ್ಕ.

ಅವನು ಹೋದ ಮೇಲೆ ಮಗಳನ್ನು ಕೇಳಿದೆ, ಇಪ್ಪತ್ತೊಂಬತ್ತು ದಾಟಿದರೆ ಏನಾಗುತ್ತದೆ ಎಂದು. ಸಾಕ್ಸ್ ಬಿಚ್ಚುತ್ತಾ ಹೇಳಿದಳು: "ಇಪ್ಪತ್ತೊಂಬತ್ತರ ತನಕ ತುರ್ತು ಪಂಪುಗಳು ಎಲ್ಲಾ ತಣ್ಣಗಿಡ್ತವೆ ಅಂತ ಲೆಕ್ಕ ಹಾಕಿದ್ದಾರೆ ಅಮ್ಮಾ. ಅದರ ಮೇಲೆ ಯಾರೂ ಲೆಕ್ಕ ಹಾಕಿಲ್ಲ."

ಮಾರ್ಚ್ ೨. ನೀರು ೨೨.೫

ಮೀನು ಹಿಡಿಯುವ ಬಲೆಯಣ್ಣ ಇವತ್ತು ದೋಣಿಯಲ್ಲಿ ಕೂತೇ ಜಗಳ ತೆಗೆದ. ಐವತ್ತು ದಾಟಿದೆ, ನನ್ನ ಕಣ್ಣೆದುರು ಈಜು ಕಲಿತವನು. ವಿನಾಯಿತಿಗೆ ವಿರೋಧವಾಗಿ ಸಹಿ ಹಾಕಿಸುತ್ತ ತಿರುಗುತ್ತಿದ್ದಾನೆ.

"ನದಿ ನೀರು ಕಾಯ್ತಾ ಇದೆ ಅಜ್ಜಿ. ನನ್ನ ಕೈಗೆ ಗೊತ್ತಾಗುತ್ತೆ. ಮೀನು ಆಳಕ್ಕೆ ಇಳಿದು ಕೂತಿವೆ."

"ನಿನ್ನ ಕೈ ಒಲೆ ಮುಂದೆ ಒಂದು ಹೇಳುತ್ತೆ, ನೀರಲ್ಲಿ ಇನ್ನೊಂದು ಹೇಳುತ್ತೆ. ಗಾಜು ಹಾಗಲ್ಲ."

"ಹಾಗಾದ್ರೆ ಗಾಜು ಏನು ಹೇಳುತ್ತೆ?"

"ಇಪ್ಪತ್ತೆರಡೂವರೆ. ಹತ್ತು ವರ್ಷದ ಹಿಂದೆ ಇದೇ ವಾರದಲ್ಲಿ ಇಪ್ಪತ್ತೆರಡು. ಅರ್ಧ ಡಿಗ್ರಿಗೆ ಇಷ್ಟು ಕೂಗಾಟ."

ಬೇರೆ ಯಾರಾದರೂ ಆಗಿದ್ದರೆ ವಾದ ಬೆಳೆಸುತ್ತಿದ್ದ. ನನ್ನ ಮಾತಿಗೆ ಹುಟ್ಟು ಕೆಳಗಿಟ್ಟು ತಲೆ ಕೆರೆದುಕೊಂಡ. ಗೆದ್ದು ಬಂದೆ.

ಮಾರ್ಚ್ ೯. ನೀರು ೨೩.೦

ನಿನ್ನ ಮಗ ಬಿಸ್ಕತ್ತಿನ ಡಬ್ಬ ಕಳಿಸಿದ್ದಾನೆ. ನಾನು ಬರೆದ ಕಾಗದಗಳನ್ನೆಲ್ಲ ಅದರಲ್ಲಿ ಇಟ್ಟುಕೊಂಡಿದ್ದೆಯಾ? ತೂಕ ನೋಡಿ ನನಗೇ ನಾಚಿಕೆಯಾಯಿತು. ಎದುರಿಗಿದ್ದಾಗ ಇಷ್ಟು ಮಾತಾಡಿದ್ದರೆ ಬಾಯಿ ಮುಚ್ಚು ಅನ್ನುತ್ತಿದ್ದೆ.

ಮಧ್ಯಾಹ್ನವೆಲ್ಲ ಓದಿದೆ. ಮಗಳ ಹಲ್ಲು, ಅವಳಪ್ಪನ ಕುಡಿತ, ಅವನು ಹೋದದ್ದು. ಇಪ್ಪತ್ತಮೂರು ವರ್ಷದ ಹಿಂದಿನ ಒಂದು ಕಾಗದದಲ್ಲಿ ಹೀಗಿದೆ:

"ಇವತ್ತು ಕೈ ಜಾರಿ ಥರ್ಮಾಮೀಟರ್ ಮೆಟ್ಟಿಲ ಮೇಲೆ ಬಿದ್ದು ಒಡೆಯಿತು. ಪಾದರಸ ಬಟಾಣಿಯ ಹಾಗೆ ಉರುಳಿ ನದಿಗೆ ಹೋಯಿತು. ಕೆಲಸ ಹೋಯಿತೆಂದು ಅಳುತ್ತಾ ಕೂತಿದ್ದೆ. ಮೇಷ್ಟ್ರು ಒಂದು ಮಾತೂ ಬೈಯಲಿಲ್ಲ. ಬೀರುವಿನಿಂದ ಇನ್ನೊಂದು ತೆಗೆದುಕೊಟ್ಟು, ಯಾರಿಗೂ ಹೇಳಬೇಡ, ಒಡೆಯಿತು ಅಂತ ಬರೆದರೆ ಮೂರು ತಿಂಗಳು ವಿವರಣೆ ಕೊಡಬೇಕು ಅಂದರು. ದೇವರಂಥ ಮನುಷ್ಯ."

ಎರಡು ಸಲ ಓದಿದೆ. ಆಮೇಲೆ ಎದ್ದು ಹೋಗಿ ಒಣಗಿದ ಬಟ್ಟೆ ಮಡಚಿದೆ. ಮಡಚಿದ್ದನ್ನು ಬಿಚ್ಚಿ ಮತ್ತೆ ಮಡಚಿದೆ.

ಒಂದು ಹೆಚ್ಚು ಓದುತ್ತಿದ್ದದ್ದು ಒಡೆದು ಹೋದದ್ದು. ಬದಲಿಗೆ ಕೊಟ್ಟ ಇದು ಹೇಗೆ ಓದುತ್ತದೆ ಎಂದು ಯಾರೂ ನೋಡಲಿಲ್ಲ. ಮೇಷ್ಟ್ರು ನೋಡಲಿಲ್ಲ. ನಾನು ಕೇಳಲಿಲ್ಲ.

ಮಾರ್ಚ್ ೧೦.

ಮಂಜುಗಡ್ಡೆ ಕುಟ್ಟಿ ಲೋಟಕ್ಕೆ ತುಂಬಿ ಥರ್ಮಾಮೀಟರ್ ಅದ್ದಿದೆ. ಮೇಷ್ಟ್ರು ಮೊದಲ ದಿನ ಹೀಗೇ ತೋರಿಸಿದ್ದರು. ಕರಗುವ ಮಂಜಿನಲ್ಲಿ ಸರಿಯಾದದ್ದು ಸೊನ್ನೆ ತೋರಿಸಬೇಕು, ಆ ಹಳೆಯದು ಒಂದು ತೋರಿಸಿತ್ತು.

ಇದು ಸೊನ್ನೆ ತೋರಿಸಿತು. ಲೋಟ ಬದಲಿಸಿದೆ. ಸೊನ್ನೆ. ಮೂರನೇ ಸಲವೂ ಸೊನ್ನೆ.

ಮಾರ್ಚ್ ೧೧. ನೀರು ೨೪.೧

ಇದು ಕಳೆಯದೆ ಬರೆದದ್ದು.

ನನ್ನ ಕೊನೆಯ ಹತ್ತೊಂಬತ್ತು ವರ್ಷದ ಪುಸ್ತಕಗಳು ಒಂದೊಂದು ಡಿಗ್ರಿ ಕಡಿಮೆ. ನಾಲ್ಕು ವರ್ಷದಿಂದ ಹಸಿರು ಪೆಟ್ಟಿಗೆಯೂ ಕಡಿಮೆ, ಏಕೆಂದರೆ ಸರಿಯಿದ್ದ ಪೆಟ್ಟಿಗೆಯನ್ನು ತಪ್ಪಿದ್ದ ನನಗೆ ಹೊಂದಿಸಿದರು. ಹೋದ ಬೇಸಿಗೆಯದು ಇಪ್ಪತ್ತೇಳು ಪಾಯಿಂಟ್ ಆರು ಅಲ್ಲ, ಇಪ್ಪತ್ತೆಂಟು ಪಾಯಿಂಟ್ ಆರು. ಆ ಪೆನ್ಸಿಲ್ಲಿನವನು ಹೇಳಿದ "ಬೇಕಾದಷ್ಟು ಜಾಗ"ದಲ್ಲಿ ಈಗ ಒಂದು ಬೆರಳೂ ತೂರುವುದಿಲ್ಲ. ಇನ್ನು ಕಂಪನಿಯವರು ಇಪ್ಪತ್ತೊಂಬತ್ತು ಎಂದು ಓಡಿಸುವಾಗ ನದಿ ಮೂವತ್ತಾಗಿರುತ್ತದೆ. ಯಾರೂ ಲೆಕ್ಕ ಹಾಕದ ಜಾಗ ಅದು.

ನಾಳೆ ಹೇಳಿಬಿಡುತ್ತೇನೆ. ಹೇಳುವುದೇನು ದೊಡ್ಡ ವಿಷಯ, ಎರಡು ವಾಕ್ಯ. ಸಾರ್ವಜನಿಕರು ಅಭಿಪ್ರಾಯ ಹೇಳಲು ಏಪ್ರಿಲ್ ಆರರವರೆಗೆ ಸಮಯವಿದೆ. ತಪ್ಪು ಮಾಡುವುದು ಮನುಷ್ಯರೇ.

ಮಾರ್ಚ್ ೧೪. ನೀರು ೨೪.೩

ಮಗಳಿಗೆ ಹೇಳಿದೆ. ಕಾಗದವನ್ನೂ ಕೊಟ್ಟೆ. ನಿಂತೇ ಓದಿದಳು, ಆಮೇಲೆ ಕುರ್ಚಿ ಎಳೆದುಕೊಂಡಳು.

"ಇದನ್ನ ಬೇರೆ ಯಾರಿಗೆ ತೋರಿಸ್ದೆ?"

"ಯಾರಿಗೂ ಇಲ್ಲ. ನಾಳೆ ಆ ಅಧಿಕಾರಿಗೆ ಫೋನ್ ಮಾಡ್ತೀನಿ."

"ಮಾಡಿ ಏನಂತೀಯಾ? ಮೂವತ್ತೊಂದು ವರ್ಷ ನಾನು ತಪ್ಪು ಬರೆದೆ ಅಂತೀಯಾ?"

"ಹತ್ತೊಂಬತ್ತು."

"ಅಯ್ಯೋ, ಅವರು ಹತ್ತೊಂಬತ್ತು ಅಂತ ಎಣಿಸ್ಕೊಂಡು ಕೂರ್ತಾರಾ? ಎಲ್ಲಾ ಎಸೀತಾರೆ ಅಮ್ಮಾ. ವಿನಾಯಿತಿ ಸಿಗಲ್ಲ. ಸಿಗದೇ ಇದ್ರೆ ಸ್ಥಾವರ ಮುಚ್ತೀವಿ ಅಂತ ಕಂಪನಿ ಬರೆದು ಕೊಟ್ಟಿದೆ. ಹದಿನಾರು ವರ್ಷ ನಾನು ಆ ಪಂಪ್ ಜೊತೆ ಇದ್ದೀನಿ. ನನ್ನ ಪಾಳೀಲಿ ನಲವತ್ತು ಜನ ಇದ್ದಾರೆ."

"ನೀರು ಹೆಚ್ಚು ಕಾದ್ರೆ ಆ ಪಂಪಿನ ಪಕ್ಕ ಕೂತಿರೋಳೂ ನೀನೇ ಅಲ್ವೇನೆ?"

"ಪಕ್ಕ ಕೂರೋಕೆ ಪಂಪ್ ಓಡ್ತಾ ಇರ್ಬೇಕಲ್ಲ!" ಸ್ವರ ಏರಿತು, ಹಾಗೇ ಇಳಿಯಿತು. "ಒಂದು ಡಿಗ್ರಿ ಅಮ್ಮಾ. ಬರೀ ಒಂದು. ಎಲ್ಲಾ ಲೆಕ್ಕದಲ್ಲೂ ಅಷ್ಟು ಸಡಿಲ ಬಿಟ್ಟೇ ಇರ್ತಾರೆ."

ಬಿಟ್ಟಿದ್ದಾರೆಯೇ ಎಂದು ಕೇಳಬೇಕೆನಿಸಿತು. ಅವಳು ಕಾಗದವನ್ನು ಚಿಕ್ಕದಾಗಿ ಮಡಚುತ್ತಾ ಹೋದದ್ದು ನೋಡಿ ಕೇಳಲಿಲ್ಲ. ಚಿಕ್ಕವಳಿದ್ದಾಗ ಹೆದರಿದರೆ ನನ್ನ ಸೆರಗನ್ನು ಹೀಗೇ ಮಡಚುತ್ತಿದ್ದಳು. ಕಾಗದವನ್ನು ನನ್ನ ಕೈಗೇ ಕೊಟ್ಟು ಮಲಗಲು ಹೋದಳು. ಹರಿದು ಹಾಕು ಅನ್ನಲಿಲ್ಲ. ಇಟ್ಟುಕೋ ಅಂತಲೂ ಅನ್ನಲಿಲ್ಲ.

ಮಾರ್ಚ್ ೨೨. ನೀರು ೨೪.೯

ಉಗುಳಲಾರೆ, ನುಂಗಲಾರೆ. ಎಂಟು ದಿನ ಹೀಗೇ ಹೋಯಿತು. ಇವತ್ತು ಆ ಅಧಿಕಾರಿಯೇ ಬಂದ. ಅಳತೆಗಳನ್ನು ಕ್ರಮಪ್ರಕಾರ ದಾಖಲಿಸಿದ್ದೇನೆ ಎಂದು ಒಂದು ಕಾಗದಕ್ಕೆ ನನ್ನ ಸಹಿ ಬೇಕಂತೆ.

ಅಕ್ಕಾ, ನಾನು ಹೇಳಿದೆ. ನಿನ್ನಾಣೆಗೂ ಶುರು ಮಾಡಿದೆ.

"ಒಂದು ಮಾತಿದೆ ಸರ್. ನಾನು ನೋಡಿದ ಅಂಕಿನ ಹಾಗೇ ಬರೀತಿರಲಿಲ್ಲ. ಒಂದು ಕಳೆದು ಬರೀತಿದ್ದೆ."

ಅವನು ಕಿವಿಯಿಂದ ಪೆನ್ಸಿಲ್ ತೆಗೆದ.

"ಯಾಕೆ?"

"ಥರ್ಮಾಮೀಟರ್ ಒಂದು ಹೆಚ್ಚು ಓದುತ್ತೆ ಅಂತ ಮೇಷ್ಟ್ರು ಹೇಳಿದ್ರು. ಮಂಜುಗಡ್ಡೆಯಲ್ಲಿಟ್ಟು ತೋರಿಸಿದ್ರು."

ಅವನ ಮುಖ ಅರಳಿತು. "ಅಜ್ಜಿ! ಅದು ತಪ್ಪಲ್ಲ, ತಿದ್ದುಪಡಿ! ಉಪಕರಣದ ದೋಷ ಕಳೆದು ಬರೆಯೋದನ್ನ ದೊಡ್ಡ ದೊಡ್ಡ ಲ್ಯಾಬಿನವರೂ ಮರೀತಾರೆ. ಇದನ್ನ ವರದಿಗೆ ಹಾಕ್ಲೇಬೇಕು." ಬಗ್ಗಿ ಸರಸರ ಬರೆದುಕೊಂಡ.

ಎರಡನೇ ವಾಕ್ಯ ಇನ್ನೂ ಬಾಕಿಯಿತ್ತು. ಆ ಥರ್ಮಾಮೀಟರ್ ಒಡೆದು ಹೋಯಿತು ಅನ್ನುವುದು, ಅಷ್ಟೇ. ಬಾಯಿ ತೆರೆದೆ. ಅವನು ತಲೆಯೆತ್ತಿ, "ನಮ್ಮಮ್ಮನೂ ನಿಮ್ಮ ಹಾಗೇ. ಅಳತೆ ಅಂದ್ರೆ ಅಳತೆ" ಅಂದ. ಬಾಯಿ ತೆರೆದದ್ದು ವ್ಯರ್ಥವಾಗಬಾರದಲ್ಲ, "ಇನ್ನೊಂದು ಲೋಟ ಚಹಾ ಕುಡೀತೀರಾ?" ಅಂದೆ.

ಸಹಿ ಹಾಕಿದೆ. ನೀನು ಗಾಜಿನ ಮೇಲೆ ಕಲಿಸಿದ ಹಾಗೆ ದುಂಡಗೆ.

ಅರ್ಧ ಹೇಳಿದ್ದೇನೆ. ಉಳಿದರ್ಧ ಅವನು ಕೇಳಬೇಕಿತ್ತು. ಕೇಳುವುದೇ ಅವನ ಕೆಲಸವಲ್ಲವೇ?

ಏಪ್ರಿಲ್ ೬.

ಸಾರ್ವಜನಿಕ ಸಭೆ ಶಾಲೆಯ ಆಟದ ಹಾಲಿನಲ್ಲಿತ್ತು. ಪ್ಲಾಸ್ಟಿಕ್ ಕುರ್ಚಿಗಳು, ಬಾಯಿ ಹಾಕಿದರೆ ಕಿರುಚುವ ಮೈಕು, ಒಂದೇ ಬಣ್ಣದ ಅಂಗಿ ತೊಟ್ಟ ಕಂಪನಿಯವರು ಎರಡು ಸಾಲು. ನನ್ನನ್ನು ಮುಂದಿನ ಸಾಲಿನಲ್ಲಿ ಕೂರಿಸಿದರು. ಮಗಳು ಹಿಂದೆ ಪಂಪ್‌ಹೌಸಿನವರ ಜೊತೆ ನಿಂತಿದ್ದಳು.

ಪೆನ್ಸಿಲ್ಲಿನವನು ವರದಿಯ ಸಾರ ಓದಿದ. ವಿನಾಯಿತಿಯಿಂದ ಪರಿಸರದ ಮೇಲೆ ಗಮನಾರ್ಹ ಪರಿಣಾಮವಿಲ್ಲ. ಆಮೇಲೆ ಒಬ್ಬೊಬ್ಬರಿಗೆ ಮೂರು ಮೂರು ನಿಮಿಷ. ಮುಗಿದರೆ ಗಂಟೆ.

ಬಲೆಯಣ್ಣ ಇಸ್ತ್ರಿ ಅಂಗಿ ಹಾಕಿಕೊಂಡು ಬಂದಿದ್ದ. ಅವನನ್ನು ಹಾಗೆ ನೋಡಿ ನನಗೆ ಸಂಕಟವಾಯಿತು. "ನನಗೆ ಮೂರು ನಿಮಿಷ ಕೊಟ್ಟಿದ್ದೀರಿ, ಕಂಪನಿಗೆ ಮೂರು ಬೇಸಿಗೆ ಕೊಡ್ತಿದ್ದೀರಿ. ಇರ್ಲಿ. ನಾನು ದಿನಾ ಈ ನೀರಲ್ಲಿ ಕೈ ಇಡೋನು. ನೀವು ಬರ್ಕೊಂಡಿರೋದಕ್ಕಿಂತ ನದಿ ಜಾಸ್ತಿ ಕಾದಿದೆ" ಅಂದ.

ಕಂಪನಿಯ ವಕೀಲ ಎದ್ದು, "ಕೈ ಮತ್ತು ಮೂವತ್ತೊಂದು ವರ್ಷದ ದಾಖಲೆ, ಎರಡರಲ್ಲಿ ಯಾವುದನ್ನ ನಂಬೋಣ?" ಅಂದ. ಹಿಂದಿನಿಂದ ನಗು ಬಂತು.

ಬಲೆಯಣ್ಣನ ಮುಖ ಕೆಂಪಾಯಿತು. ಮೈಕು ಬಿಟ್ಟು ನನ್ನ ಕಡೆ ತಿರುಗಿದ. "ದಾಖಲೆ ಬರೆದೋರು ಇಲ್ಲೇ ಕೂತಿದ್ದಾರಲ್ಲ. ಡಿಗ್ರಿ ಅಜ್ಜಿ, ನೀನೇ ಹೇಳು. ನಿನ್ನ ಅಂಕಿ ಸರೀನಾ? ನೀನು ಹೂಂ ಅಂದ್ರೆ ನಾನು ಕೂತ್ಕೋತೀನಿ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಕೈ ತಾನಾಗಿ ಚೀಲದ ಕಡೆ ಹೋಯಿತು. ನಿನಗೆ ಬರೆದ ಆ ಕಾಗದ ಅದರಲ್ಲಿತ್ತು. ಯಾಕೆ ಒಯ್ದಿದ್ದೆನೋ. ಎದ್ದು ನಿಂತೆ. ಇಷ್ಟು ಜನ ನನ್ನ ಮಾತಿಗೆ ಕಾದದ್ದು ಹುಟ್ಟಿದ ಮೇಲೆ ಇದೇ ಮೊದಲು. ಹಿಂತಿರುಗಿದರೆ ಮಗಳು ಕಾಣುತ್ತಿದ್ದಳು. ತಿರುಗಲಿಲ್ಲ.

"ನನಗೆ ಕಲಿಸಿದ ಹಾಗೆ ಬರೆದಿದ್ದೀನಿ. ಒಂದು ದಿನವೂ ತಪ್ಪಿಸಿಲ್ಲ," ಅಂದೆ.

ಇದರಲ್ಲಿ ಸುಳ್ಳು ಒಂದಕ್ಷರ ಇಲ್ಲ, ಅಕ್ಕಾ. ಬೇಕಾದರೆ ಒಡೆದು ನೋಡು.

ಬಲೆಯಣ್ಣ ಮತ್ತೆ ಮೈಕಿನತ್ತ ತಿರುಗಿದ. "ಆಯ್ತು ಬಿಡಿ. ಅಜ್ಜಿ ಹೇಳಿದ ಮೇಲೆ ಮುಗೀತು. ನನ್ನ ಕೈಯೇ ಕೆಟ್ಟಿರ್ಬೇಕು." ಅವನಿಗೆ ಇನ್ನೂ ಒಂದು ನಿಮಿಷ ಉಳಿದಿತ್ತು. ಗಂಟೆ ಬಾರಿಸುವ ಮೊದಲೇ ಹೋಗಿ ಕೂತ.

ಏಪ್ರಿಲ್ ೭.

ಮಂಡಿ ನೋವು. ನದಿಗೆ ಹೋಗಲಿಲ್ಲ.

ಏಪ್ರಿಲ್ ೮.

ಹೋಗಲಿಲ್ಲ.

ಮೇ ೩. ನೀರು ೨೫.೮

ವಿನಾಯಿತಿ ಮಂಜೂರಾಯಿತು. ಪೆನ್ಸಿಲ್ಲಿನವನು ವರದಿಯ ಪ್ರತಿ ಕಳಿಸಿದ್ದಾನೆ. ಮೂವತ್ತೆಂಟನೇ ಪುಟದಲ್ಲಿ ಗುರುತಿಗೆ ಕಾಗದದ ಚೂರು ಇಟ್ಟಿದ್ದ. "ಅಳತೆಗಾರರು ಉಪಕರಣದ ದೋಷವನ್ನು ನಿರಂತರವಾಗಿ ತಿದ್ದಿ ದಾಖಲಿಸಿರುವುದು ಈ ದತ್ತಾಂಶದ ವಿಶ್ವಾಸಾರ್ಹತೆಯನ್ನು ಹೆಚ್ಚಿಸಿದೆ." ದೊಡ್ಡ ದೊಡ್ಡ ಪದಗಳು. ನಾಲ್ಕು ಸಲ ಓದಿದೆ. ಬರೆದದ್ದು ಚೆನ್ನಾಗಿಯೇ ಇದೆ.

ಮಗಳು ಪಾಳಿಯಿಂದ ಬರುವಾಗ ಕೇಕ್ ತಂದಿದ್ದಳು. ಪಂಪ್‌ಹೌಸಿನವರು ಕೊಟ್ಟರಂತೆ, ಅಜ್ಜಿಗೆ ಅಂತ. ಸಕ್ಕರೆ ಮುಟ್ಟಬಾರದು ಎಂದು ಡಾಕ್ಟರು ಹೇಳಿ ಆರು ವರ್ಷ. ಇವತ್ತೊಂದು ದಿನ ತಾನೇ, ತಿಂದೆ.

ಮತ್ತೆ ಮೆಟ್ಟಿಲು ಇಳಿಯಲು ಶುರು ಮಾಡಿದ್ದೇನೆ. ಹಸಿರು ಪೆಟ್ಟಿಗೆಯೂ ೨೫.೮ ಅನ್ನುತ್ತದೆ. ಇಬ್ಬರದೂ ಒಂದೇ ಮಾತು. ಸುಮ್ಮನೆ ಎರಡೆರಡು ಅಂಕಿ ಇಟ್ಟುಕೊಂಡರೆ ತಲೆ ಕೆಡುತ್ತದೆ.

ಮೇ ೨೮. ನೀರು ೨೭.೧

ನಿಯಮ ಇದ್ದಿದ್ದರೆ ಇವತ್ತು ಸ್ಥಾವರ ನಿಲ್ಲಬೇಕಿತ್ತು. ಓಡುತ್ತಿದೆ. ಆಕಾಶ ಬೀಳಲಿಲ್ಲ.

ಬಲೆಯಣ್ಣ ದೋಣಿ ಮಾರಿದನಂತೆ. ಅಂಗಡಿ ಮುಂದೆ ಸಿಕ್ಕಾಗ ಮೊದಲಿನ ಹಾಗೇ "ಏನಜ್ಜಿ, ಮಂಡಿ ಹೇಗಿದೆ?" ಎಂದು ಕೇಳಿದ. ಬೈದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು. ಅವನಿಗೂ ವಯಸ್ಸಾಯಿತು, ನೀರಿನ ಕೆಲಸ ಎಷ್ಟು ದಿನ ಮಾಡಿಯಾನು.

ಥರ್ಮಾಮೀಟರಿನ ಬಟ್ಟೆಯ ಚೀಲ ಹರಿದಿದೆ. ಸಭೆಗೆ ಒಯ್ದ ಚೀಲದಲ್ಲಿ ಕೈಗೆ ಸಿಕ್ಕ ಒಂದು ಹಳೆಯ ಕಾಗದದಲ್ಲಿ ಸುತ್ತಿಟ್ಟೆ. ಒದ್ದೆಗೆ ಶಾಯಿ ಬಿಡುತ್ತಿದೆ, ಗಾಜಿಗೆಲ್ಲ ನೀಲಿ.

ಜೂನ್ ೧೯. ನೀರು ೨೮.೪

ಹತ್ತು ದಿನದಿಂದ ಗಾಳಿಯೇ ಇಲ್ಲ. ಮಗಳು ಎರಡು ದಿನದಿಂದ ಮನೆಗೆ ಬಂದಿಲ್ಲ. ಪಂಪುಗಳು ಬಿಸಿಯಾಗುತ್ತಿವೆ ಎಂದು ಪಾಳಿಯವರನ್ನೆಲ್ಲ ಅಲ್ಲೇ ಉಳಿಸಿಕೊಂಡಿದ್ದಾರೆ.

ಮಧ್ಯಾಹ್ನ ನಾನು ಕೊನೆಯ ಮೆಟ್ಟಿಲಲ್ಲಿದ್ದಾಗ ಫೋನ್ ಬಂತು. ಹಿಂದೆ ಯಂತ್ರದ ಸದ್ದು, ಅದರ ಮೇಲೆ ಅವಳ ಸ್ವರ. ಪಿಸುಗುಟ್ಟುತ್ತಿದ್ದಾಳೋ ಕೂಗುತ್ತಿದ್ದಾಳೋ ತಿಳಿಯಲಿಲ್ಲ.

"ಅಮ್ಮಾ, ನದಿ ಹತ್ರ ಇದ್ದೀಯಾ?"

"ಇದ್ದೀನಿ. ಊಟ ಮಾಡಿದ್ಯಾ?"

"ಊಟ ಬಿಡು. ಪೆಟ್ಟಿಗೆ ಇಪ್ಪತ್ತೆಂಟು ಪಾಯಿಂಟ್ ನಾಲ್ಕು ಅಂತಿದೆ. ನಿನ್ನ ಬಕೆಟ್ ಏನು ಹೇಳುತ್ತೆ?"

ಥರ್ಮಾಮೀಟರ್ ನೀರಲ್ಲೇ ಇತ್ತು. ಬಗ್ಗಿ, ಕಣ್ಣು ಪಾದರಸದ ಮಟ್ಟಕ್ಕೆ ಇಳಿಸಿ ನೋಡಿದೆ. ಇಪ್ಪತ್ತೊಂಬತ್ತು ದಾಟಿ ನಾಲ್ಕು ಗೆರೆ.

"ಇಪ್ಪತ್ತೆಂಟು ಪಾಯಿಂಟ್ ನಾಲ್ಕು."

"ಅಮ್ಮಾ, ಅವತ್ತು ನಾನು ಹೇಳಿದ್ದೆಲ್ಲ ಮರೆತ್ಬಿಡು. ಕಳೆದು ಹೇಳ್ತಿದ್ದೀಯೋ, ಕಳೆಯದೇ ಹೇಳ್ತಿದ್ದೀಯೋ? ನಿಜ ಹೇಳು. ಇಪ್ಪತ್ತೊಂಬತ್ತು ದಾಟಿದ್ರೆ ನಾನೇ ಹೋಗಿ ಕಂಟ್ರೋಲ್ ರೂಮಲ್ಲಿ ಎಲ್ಲಾ ಹೇಳಿಬಿಡ್ತೀನಿ, ಕಾಗದದ ವಿಷಯನೂ. ನಿಲ್ಲಿಸ್ತಾರೋ ಬಿಡ್ತಾರೋ, ಹೇಳ್ತೀನಿ."

ಹೇಳಿದರೆ ಆ ಕಾಗದ ತೋರಿಸು ಅನ್ನುತ್ತಾರೆ. ನನ್ನ ಸಹಿ ಹೊರಗೆ ತೆಗೆಯುತ್ತಾರೆ, ನಾನು ಎದ್ದು ನಿಂತು ಹೇಳಿದ ಮಾತು ತೆಗೆಯುತ್ತಾರೆ. ಬಲೆಯಣ್ಣನ ಮುಂದೆ. ಎಲ್ಲದಕ್ಕಿಂತ ಹೆಚ್ಚಾಗಿ ಅವಳು ಅಷ್ಟು ಹೆದರಿದ್ದಳು, ಅಕ್ಕಾ. ಹೆದರಿದ ಮಗುವಿಗೆ ತಾಯಿ ಏನು ಹೇಳಬೇಕು?

"ಕಳೆಯದೇ ಹೇಳ್ತಿದ್ದೀನಿ ಕಣೆ. ಪೆಟ್ಟಿಗೆನ ಸರಿ ಮಾಡಿರ್ಬೇಕು ಯಾರೋ. ನೀನು ಊಟ ಮಾಡು."

ಅವಳು ಉಸಿರು ಬಿಟ್ಟದ್ದು ಯಂತ್ರದ ಸದ್ದಿನೊಳಗೂ ಕೇಳಿಸಿತು. "ಹಾಗಾದ್ರೆ ಸರಿ ಅಮ್ಮಾ. ನೀನು ಹೇಳಿದ್ರೆ ಆಯ್ತು. ಪಂಪ್ ಹತ್ರ ಹೋಗ್ತೀನಿ."

ಫೋನ್ ಇಟ್ಟೆ. ಅಲ್ಲೇ ಮೆಟ್ಟಿಲ ಮೇಲೆ ಕೂತು ಪುಸ್ತಕ ತೆಗೆದು ಇದನ್ನು ಬರೆಯುತ್ತಿದ್ದೇನೆ. ಆಚೆ ದಡದಲ್ಲಿ ಸ್ಥಾವರದ ಸದ್ದು ಸಣ್ಣಗೆ ಕೇಳುತ್ತಲೇ ಇದೆ. ನನ್ನ ಕಡೆಯಿಂದ ಏನೂ ಹೆಚ್ಚುಕಡಿಮೆ ಆಗಿಲ್ಲ, ಅಕ್ಕಾ. ಮೇಷ್ಟ್ರು ಕಲಿಸಿದ ಕ್ರಮ ಬಿಟ್ಟಿಲ್ಲ. ಮೊದಲ ಬಕೆಟ್ ಚೆಲ್ಲಿದೆ, ನೆರಳಲ್ಲಿಟ್ಟೆ, ಅರವತ್ತು ಎಣಿಸಿದೆ, ಒಂದು ಕಳೆದೆ.